ತಾಂತ್ರಿಕ ಶಿಕ್ಷಣದಲ್ಲಿ ಸಾಮಾನ್ಯ ವಿದ್ಯೆಯ ಸ್ಥಾನ

ವಿಜಯಪುರ ನಗರದಲ್ಲಿ 1980ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಇಂಜಿನಿಯರಿಂಗ್ ಮಹಾವಿದ್ಯಾಲಯವು ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರ ಹೆಸರನ್ನು ಹೊತ್ತಿದೆ. ಹಳಕಟ್ಟಿಯವರು (1880–1964) ಸೇತುವೆ ಕಟ್ಟಿದವರಲ್ಲ, ಯಂತ್ರ ನಿರ್ಮಿಸಿದವರೂ ಅಲ್ಲ. ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ತಾಡವೋಲೆಗಳ ಸಂಶೋಧಕರು. ತಂತ್ರವಿದ್ಯೆಯ ಆಲಯಕ್ಕೆ ವಚನ ಸಂಶೋಧಕರ ಹೆಸರೇಕೆ ಎಂದು ಹೊಸದಾಗಿ ಸೇರಿದ ವಿದ್ಯಾರ್ಥಿಯೊಬ್ಬನು ಕೇಳಿದರೆ ಅದು ಉಚಿತವಾದ ಪ್ರಶ್ನೆಯೇ. ಅದಕ್ಕೆ ಉತ್ತರವನ್ನರಸುತ್ತ ಹೊರಟವರು ತಾಂತ್ರಿಕ ಶಿಕ್ಷಣದಲ್ಲಿ ಭಾಷೆ, ಇತಿಹಾಸ, ನೀತಿ, ಸಂವಿಧಾನ ಮೊದಲಾದ ಸಾಮಾನ್ಯ ವಿದ್ಯೆಗಳ ಸ್ಥಾನವೇನೆಂಬ ವಿಚಾರಕ್ಕೇ ಬಂದು ನಿಲ್ಲಬೇಕಾಗುತ್ತದೆ.

ಹಳಕಟ್ಟಿಯವರು 1910ರಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಲು ಮುಂದಾದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಮುಂದೆ ಹಿತಚಿಂತಕವೆಂಬ ಸ್ವಂತ ಮುದ್ರಣಾಲಯವನ್ನು ತೆರೆದು 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಇಲ್ಲಿ ಗಮನಿಸಬೇಕಾದುದು ಮುದ್ರಣಾಲಯವನ್ನು. ಅಚ್ಚಿನ ಯಂತ್ರವಿಲ್ಲದಿದ್ದರೆ ಎಷ್ಟೋ ವಚನಗಳು ಓಲೆಯ ಕಟ್ಟುಗಳಲ್ಲಿಯೇ ಉಳಿದು ಹುಳುವಿಗೆ ಆಹಾರವಾಗುತ್ತಿದ್ದವು. ವಚನಗಳಿಲ್ಲದಿದ್ದರೆ ಆ ಯಂತ್ರವು ರಸೀದಿ, ಕರಪತ್ರಗಳನ್ನು ಮುದ್ರಿಸಿ ತನ್ನ ಆಯುಷ್ಯವನ್ನು ಕಳೆಯುತ್ತಿತ್ತು. ತಂತ್ರಕ್ಕೆ ಅರ್ಥವನ್ನು ಕೊಟ್ಟುದು ವಿದ್ಯೆ. ವಿದ್ಯೆಗೆ ಬಾಳನ್ನು ಕೊಟ್ಟುದು ತಂತ್ರ.

ಶಬ್ದಗಳ ಮೂಲವೂ ಇದನ್ನೇ ಸೂಚಿಸುತ್ತದೆ. 'ತಂತ್ರ'ವೆಂಬುದು ಹರಡು, ವಿಸ್ತರಿಸು ಎಂಬ ಅರ್ಥದ 'ತನ್' ಧಾತುವಿನಿಂದ ಬಂದುದು; ಮಗ್ಗದ ಮೇಲೆ ಹರಡಿದ ಹಾಸು ಅದರ ಹಳೆಯ ಅರ್ಥಗಳಲ್ಲೊಂದು. 'ಗ್ರಂಥ'ವೆಂಬುದು ಪೋಣಿಸುವುದು, ಕಟ್ಟುವುದು ಎಂಬ ಅರ್ಥದ ಧಾತುವಿನಿಂದ ಬಂದುದು. ಎರಡೂ ನೂಲಿಗೆ ಸಂಬಂಧಪಟ್ಟ ಮಾತುಗಳು. ಹಾಸಿನಿಂದಲೇ ಬಟ್ಟೆಯಾಗದು, ಹೊಕ್ಕು ಬೇಕು. ಶರಣರ ಹೆಸರುಗಳನ್ನಾದರೂ ನೋಡಬಹುದು: ನುಲಿಯ ಚಂದಯ್ಯ, ಮೇದರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ವೈದ್ಯ ಸಂಗಣ್ಣ. ಕಸುಬು ಹೆಸರಿನ ಮುಂದೆಯೇ ನಿಂತಿದೆ. ಕಾಯಕವನ್ನು ಮುಗಿಸಿ, ಕೈ ತೊಳೆದುಕೊಂಡು, ಬಳಿಕ ಅನುಭಾವಕ್ಕೆ ಕುಳಿತವರು ಇವರಲ್ಲ. ಹಗ್ಗ ಹೊಸೆಯುವ, ಬಿದಿರು ಸೀಳುವ ಕೆಲಸದೊಳಗೇ ಮಾತನ್ನು ಪಳಗಿಸಿದವರು.

ಆಧುನಿಕ ಕಾಲದ ಶಿಕ್ಷಣತಜ್ಞರೂ ಬೇರೆ ದಾರಿಯಿಂದ ಇದೇ ನಿಲುವಿಗೆ ಬಂದಿದ್ದಾರೆ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948–49) ವೃತ್ತಿಶಿಕ್ಷಣ ಪಡೆಯುವವರಿಗೂ ಸಾಮಾನ್ಯ ಶಿಕ್ಷಣವು ಬೇಕೆಂದು ಪ್ರತಿಪಾದಿಸಿತು. ಹೆಚ್ಚು ಕಡಿಮೆ ಅದೇ ಸಮಯದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ಶಿಕ್ಷಣಕ್ರಮವನ್ನು ತಾನೇ ಪರಾಮರ್ಶಿಸಿಕೊಂಡು, 1949ರ ವರದಿಯ ಫಲವಾಗಿ 1950ರಲ್ಲಿ ಮಾನವಿಕ ಹಾಗೂ ಸಮಾಜವಿಜ್ಞಾನಗಳಿಗೆ ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಮಹಾಯುದ್ಧದಲ್ಲಿ ತಂತ್ರಜ್ಞಾನವು ಏನನ್ನು ಮಾಡಬಲ್ಲದೆಂಬುದನ್ನು ಜಗತ್ತು ಆಗತಾನೆ ಕಂಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ತಾಂತ್ರಿಕ ಸಂಸ್ಥೆಗಳು ಕಲೆ ಮತ್ತು ಮಾನವಿಕಗಳಿಗೆ ಹೆಚ್ಚಿನ ಅವಕಾಶ ಕೊಡಬೇಕೆಂದು ಹೇಳಿದೆ.

ಕರ್ನಾಟಕದಲ್ಲಿ ಇದು ಬರಿಯ ಆಶಯವಾಗಿ ಉಳಿದಿಲ್ಲ. ಬೆಳಗಾವಿಯಲ್ಲಿ ಕೇಂದ್ರವನ್ನುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಜಾರಿಗೆ ತಂದ 2022ರ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಕನ್ನಡ ಅರಿಯದವರಿಗೆ 'ಬಳಕೆ ಕನ್ನಡ', ಎಲ್ಲರಿಗೂ ಭಾರತದ ಸಂವಿಧಾನ, ಸಂವಹನದ ಇಂಗ್ಲಿಷ್, ಆರೋಗ್ಯದ ವೈಜ್ಞಾನಿಕ ತಳಹದಿ, ಸಾರ್ವತ್ರಿಕ ಮಾನವೀಯ ಮೌಲ್ಯಗಳು, ಸಮಾಜದೊಡನೆ ಬೆರೆಯುವ ಚಟುವಟಿಕೆಗಳು ಗೊತ್ತುಪಡಿಸಲ್ಪಟ್ಟವು. ಸಾಂಸ್ಕೃತಿಕ ಕನ್ನಡದ ಪಠ್ಯದಲ್ಲಿ ವಚನ, ಕೀರ್ತನೆ, ತತ್ತ್ವಪದಗಳ ಜೊತೆಗೆ ವಿಶ್ವೇಶ್ವರಯ್ಯನವರನ್ನು ಕುರಿತ ಲೇಖನವೂ ಕರಕುಶಲ ಕಲೆಗಳನ್ನು ಕುರಿತ ಲೇಖನವೂ ಸೇರಿದವು. ಆಯ್ಕೆ ಯೋಗ್ಯವಾದುದೆಂಬುದರಲ್ಲಿ ಸಂಶಯವಿಲ್ಲ.

ಆದರೆ ಪಾತ್ರೆ ಚಿಕ್ಕದು. ಪದವಿಯ ಒಟ್ಟು 160 ಕ್ರೆಡಿಟ್‌ಗಳಲ್ಲಿ ಕನ್ನಡಕ್ಕೆ ದೊರೆತುದು 1, ಸಂವಿಧಾನಕ್ಕೆ 1. ಅಂತಿಮ ಪರೀಕ್ಷೆಯಾದರೋ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಬಗೆಯದು. ವಚನವನ್ನು ಓದಿದವನು ಅದರ ಅರ್ಥವನ್ನು ಒಂದು ವಾಕ್ಯದಲ್ಲಿಯೂ ಬರೆಯದೆ ತೇರ್ಗಡೆಯಾಗಬಹುದು. ಹೀಗಾದಾಗ ಆ ತಾಸು ವಿದ್ಯಾರ್ಥಿಗೆ ವಿಶ್ರಾಂತಿಯ ತಾಸಾಗುತ್ತದೆ. ಬೋಧಕರಿಗೂ ಉತ್ಸಾಹ ಕುಗ್ಗುತ್ತದೆ. ಇದಕ್ಕೆ ವಿದ್ಯಾರ್ಥಿಯನ್ನೇ ದೂರುವುದು ನ್ಯಾಯವಲ್ಲ. ಸಾಲ ಮಾಡಿ ಓದಿಸುವ ತಂದೆತಾಯಿಗಳು ಮಗನಿಗೋ ಮಗಳಿಗೋ ಬೇಗ ನೌಕರಿ ದೊರೆಯಲೆಂದು ಬಯಸುವುದು ಸಹಜ. ಗಣಿತ, ಭೌತವಿಜ್ಞಾನಗಳೇ ಭಾರವಾಗಿರುವಾಗ ಈ ಹೆಚ್ಚಿನ ಹೊರೆಯೇಕೆ ಎಂಬ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು.

ಉತ್ತರವು ದೂರದಲ್ಲಿಲ್ಲ, ಬಸವಣ್ಣನವರು ಜನಿಸಿದ ಬಾಗೇವಾಡಿಯ ಸೀಮೆಯಲ್ಲಿಯೇ ಇದೆ. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಇರಿಸಿದರು. ಅಲ್ಲಿ ನೀರನ್ನು 519.60 ಮೀಟರಿನವರೆಗೆ ನಿಲ್ಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಹೇಳಿತು, 524.256 ಮೀಟರಿಗೆ ಏರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಮಂಡಳಿಯು 2010ರಲ್ಲಿ ತೀರ್ಪಿತ್ತಿತು. ನಕ್ಷೆಯ ಮೇಲೆ ಇವೆರಡರ ಅಂತರ ಸುಮಾರು ನಾಲ್ಕೂವರೆ ಮೀಟರು. ನೀರು ಎಲ್ಲಿಯವರೆಗೆ ಹರಡೀತೆಂಬುದನ್ನು ಇಂಜಿನಿಯರನು ಲೆಕ್ಕ ಹಾಕಿ ತೋರಿಸಬಲ್ಲನು. ಆ ಗೆರೆಯೊಳಗಿನ ಹೊಲ, ಗುಡಿ, ಮಠ, ಹಿರಿಯರ ಗದ್ದುಗೆಗಳಿಗೆ ಬೆಲೆ ಕಟ್ಟುವ ಸೂತ್ರವು ಜಲಗತಿಶಾಸ್ತ್ರದಲ್ಲಿಲ್ಲ. ಹಳೆಯ ಬಾಗಲಕೋಟೆಯ ಭಾಗಗಳನ್ನು ಬಿಟ್ಟು ನವನಗರಕ್ಕೆ ಹೋದವರಿಗೆ 'ಮುಳುಗಡೆ' ಎಂಬ ಮಾತಿನ ಭಾರ ಗೊತ್ತು. 1894ರ ಭೂಸ್ವಾಧೀನ ಕಾಯಿದೆಯ ಸ್ಥಾನದಲ್ಲಿ ಬಂದ 2013ರ ಕಾಯಿದೆಯು ನ್ಯಾಯವಾದ ಪರಿಹಾರವನ್ನೂ ಪುನರ್ವಸತಿಯನ್ನೂ ತನ್ನ ಹೆಸರಿನಲ್ಲಿಯೇ ಸೇರಿಸಿಕೊಂಡಿರುವುದು ಇದೇ ಕಾರಣದಿಂದ. ಆದುದರಿಂದ ಅಣೆಕಟ್ಟು ಕಟ್ಟುವವನಿಗೆ ಸಂವಿಧಾನ, ಇತಿಹಾಸ ಮತ್ತು ಜನರ ಭಾಷೆ ಹೊರಗಿನ ವಿಷಯಗಳಲ್ಲ. ಅವು ಅವನ ಕೆಲಸದ ಒಳಗೇ ಇವೆ.

ಮುಳುಗಡೆಯು ನೀರು ಹೆಚ್ಚಾದಲ್ಲಿಯ ಕಷ್ಟವಾದರೆ, ವಿಜಯಪುರದ ಸುತ್ತಿನ ಬರದ ನೆಲವು ನೀರಿಗಾಗಿ ಕಾದು ಕುಳಿತ ನೆಲ. ಇಲ್ಲಿಯೂ ಸಾಮಾನ್ಯ ವಿದ್ಯೆಗೆ ಪಾಠವಿದೆ. ನಗರದ ಪಶ್ಚಿಮಕ್ಕಿರುವ ತೊರವಿಯಿಂದ ಆದಿಲಶಾಹಿಯ ಕಾಲದಲ್ಲಿ ನೆಲದೊಳಗಿನ ಕಾಲುವೆಗಳ ಮೂಲಕ ನೀರನ್ನು ತಂದರು. ಅದರ ಒತ್ತಡವನ್ನು ತಗ್ಗಿಸಲು ನಿಲ್ಲಿಸಿದ ಗಂಜ್ ಎಂಬ ಗೋಪುರಗಳು ಊರಿನಲ್ಲಿ ಇಂದಿಗೂ ಕಾಣಸಿಗುತ್ತವೆ. ಕುಮಾರ ವಾಲ್ಮೀಕಿಯ 'ತೊರವೆ ರಾಮಾಯಣ'ವು ಹೆಸರು ಪಡೆದುದೂ ಅದೇ ತೊರವಿಯಿಂದ. ಒಂದೇ ಊರು ನಾಡಿಗೆ ಕಾವ್ಯವನ್ನೂ ಕೊಟ್ಟಿತು, ನಗರಕ್ಕೆ ನೀರನ್ನೂ ಕೊಟ್ಟಿತು. ಒಂದನ್ನು ಕನ್ನಡ ಪಂಡಿತರಿಗೂ ಇನ್ನೊಂದನ್ನು ಇಂಜಿನಿಯರರಿಗೂ ಹಂಚಿಕೊಟ್ಟು ನಡುವೆ ಗೋಡೆ ಕಟ್ಟಿದುದು ಈಚಿನವರ ಕೆಲಸ.

ಆ ಗೋಡೆಯನ್ನು ಕೆಡಹಲು ಕ್ರೆಡಿಟ್‌ಗಳು ಹೆಚ್ಚಾಗುವವರೆಗೆ ಕಾಯಬೇಕಾಗಿಲ್ಲ. ಇರುವ ಒಂದು ತಾಸನ್ನು ವಿದ್ಯಾರ್ಥಿಯ ಕಸುಬಿಗೆ ಜೋಡಿಸಿದರೆ ಸಾಕು. ಬಬಲೇಶ್ವರ ತಾಲೂಕಿನ ಜೈನಾಪುರದ ರೈತನಿಗೆ ಕಾಲುವೆಯ ನೀರು ಸರದಿಯಂತೆ ಏಕೆ ಬರುತ್ತದೆಂಬುದನ್ನು ತಿಳಿಸುವ ಒಂದು ಪುಟದ ಕನ್ನಡ ತಿಳಿವಳಿಕೆ ಪತ್ರವನ್ನು ಸಿವಿಲ್ ವಿಭಾಗದ ವಿದ್ಯಾರ್ಥಿ ಬರೆಯಲಿ. ಕೂರಿಗೆ, ಕುಂಟೆ, ಲಾಳಿ, ಮಗ್ಗಗಳ ಬಿಡಿಭಾಗಗಳ ಹೆಸರನ್ನು ಬಡಿಗರಿಂದಲೂ ನೇಕಾರರಿಂದಲೂ ಕೇಳಿ ಮೆಕ್ಯಾನಿಕಲ್ ವಿಭಾಗದವನು ಪಟ್ಟಿ ಮಾಡಲಿ. ಬರೆದುದನ್ನು ಆ ರೈತನೇ ಓದಿ, ತಿಳಿಯಿತು ಎಂದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ. ಇಂಗ್ಲಿಷಿನ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ತಾನು ಮಾಡಿದ ಕೆಲಸವನ್ನು ತನ್ನ ತಾಯಿಗೆ ತಿಳಿಯಹೇಳಲಾರದವನ ವಿದ್ಯೆ ಅರ್ಧವಿದ್ಯೆಯೇ ಸರಿ.

ಇದರ ಬೀಜ ಬೀಳುವುದು ಮಹಾವಿದ್ಯಾಲಯದಲ್ಲಲ್ಲ, ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ಇಂಥ ಶಾಲೆಗಳಲ್ಲಿ. ವಿಜ್ಞಾನದ ಗುರುಗಳು ವಾಕ್ಯಶುದ್ಧಿಯನ್ನೂ ಕನ್ನಡದ ಗುರುಗಳು ಅಳತೆಯ ಶುದ್ಧಿಯನ್ನೂ ಕೇಳುವಂತಾಗಲಿ. ಇಂಜಿನಿಯರರಾಗಿ ಹೊರಬಿದ್ದ ಹಳೆಯ ವಿದ್ಯಾರ್ಥಿಗಳು ವರುಷಕ್ಕೊಮ್ಮೆಯಾದರೂ ಬಂದು ತಮ್ಮ ಕೆಲಸವನ್ನು ಕನ್ನಡದಲ್ಲಿ ವಿವರಿಸಲಿ. ದಾನಿಗಳು ಪ್ರಯೋಗಶಾಲೆಗೆ ಉಪಕರಣ ಕೊಡುವಾಗ ಅದರ ಪಕ್ಕದ ಗ್ರಂಥಾಲಯವನ್ನೂ ನೆನೆಯಲಿ; ಎರಡೂ ಒಂದೇ ದಾಸೋಹ. ಹಾಗಾದಾಗ ವಚನ ಸಂಶೋಧಕರ ಹೆಸರು ತಂತ್ರವಿದ್ಯಾಲಯದ ಬಾಗಿಲಿನ ಮೇಲೆ ಏಕಿದೆ ಎಂದು ಮಕ್ಕಳು ಕೇಳಬೇಕಾಗುವುದಿಲ್ಲ. ಅವರ ಕೆಲಸವೇ ಅದಕ್ಕೆ ಉತ್ತರವಾಗುತ್ತದೆ.