ಆರು ರಂಧ್ರ, ಆರು ಮಾತ್ರೆ

ಪರನಾಡಿನ ವಾದ್ಯವನ್ನು ತಂದುಕೊಳ್ಳುವುದು ಬೇರೆ, ಆ ನಾಡಿನ ಮಟ್ಟನ್ನು ತಂದುಕೊಳ್ಳುವುದು ಬೇರೆ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಪಾಶ್ಚಾತ್ಯ ಮೂಲದ ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿ ಕಛೇರಿಗೆ ಒಗ್ಗಿಸಿಕೊಂಡದ್ದು ಮೊದಲನೆಯದಕ್ಕೆ ನಿದರ್ಶನವಾದರೆ, ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಜೋಡಿಸಿದ ನೊಟ್ಟುಸ್ವರಗಳಲ್ಲಿ ಗಮಕವನ್ನು ಹೇರದೆ ಮಟ್ಟಿನ ನಡೆಯನ್ನು ಉಳಿಸಿದ್ದು ಎರಡನೆಯದಕ್ಕೆ ನಿದರ್ಶನ. ಈ ಭೇದವನ್ನು ಗಣಿಸದೆ ಐರಿಷ್ ಮಟ್ಟುಗಳಿಗೆ ಕೈಹಾಕಿದ ಪ್ರಸ್ತುತ ಲೇಖಕನಿಗೆ ಆದ ಮುಖಭಂಗ ಇನ್ನೊಬ್ಬ ಕಲಿಯುವವನಿಗೆ ಆಗದಿರಲಿ ಎಂಬುದೇ ಈ ಬರಹದ ಉದ್ದೇಶ.

ಆ ಮಟ್ಟುಗಳಿಗಾಗಿ ಲೇಖಕನು ಹಿಡಿದ ಟಿನ್ ವಿಸಲ್ ಎಂಬುದು ಆರು ರಂಧ್ರಗಳ, ನೇರವಾಗಿ ಹಿಡಿದು ಊದುವ ಲೋಹದ ಕೊಳಲು. ಇಂಗ್ಲೆಂಡಿನಲ್ಲಿ 1843ರಿಂದ ರಾಬರ್ಟ್ ಕ್ಲಾರ್ಕ್ ತಯಾರಿಸತೊಡಗಿದ ಅಗ್ಗದ ತಗಡಿನ ಕೊಳಲು ಇದನ್ನು ಜನಸಾಮಾನ್ಯರ ಕೈಗೆ ತಲುಪಿಸಿತು. ಬಿದಿರಿನ ಕೊಳಲನ್ನು ಹಲವು ವರ್ಷ ಅಭ್ಯಾಸ ಮಾಡಿದ್ದ ಲೇಖಕನು, ಹೊಸದಾಗಿ ಕಲಿಯುವುದೇನೂ ಇಲ್ಲವೆಂಬ ಹಟದಿಂದ, ಫ್ರಾನ್ಸಿಸ್ ಓ'ನೀಲ್ 1903ರಲ್ಲಿ ಷಿಕಾಗೋದಲ್ಲಿ ಪ್ರಕಟಿಸಿದ 1850 ಮಟ್ಟುಗಳ ಸಂಗ್ರಹದಿಂದ ಕೆಲವನ್ನು ಸರಿಗಮಕ್ಕೆ ಇಳಿಸಿಕೊಂಡು, ನಂಜನಗೂಡಿನ ಕಪಿಲೆಯ ಸೋಪಾನದ ಮೇಲೆ ಕುಳಿತು ಬೆಳಗಿನ ಹೊತ್ತು ನುಡಿಸುತ್ತಿದ್ದನೇ ಹೊರತು, ಐರ್ಲೆಂಡಿನ ವಾದಕರೊಬ್ಬರ ಧ್ವನಿಮುದ್ರಣವನ್ನೂ ಕಿವಿಗೊಟ್ಟು ಕೇಳಲಿಲ್ಲ.

ತಿ. ನರಸೀಪುರದಲ್ಲಿ ಬಂಧುಗಳ ಮನೆಯ ಉಪನಯನದ ಸಂಜೆ, ಸೋದರಮಾವ ಒಂದು ಸಲವೂ ಕೂಡಿ ಅಭ್ಯಾಸ ಮಾಡಲು ಬಿಡುವು ಕೊಡದೆ, ಮೃದಂಗದವರನ್ನು ಪಕ್ಕಕ್ಕೆ ಕೂರಿಸಿ, ‘ಬಾರಯ್ಯ, ನಿನ್ನ ಇಂಗ್ಲಿಷ್ ಪಾಟು ಬಾರಿಸು’ ಎಂದು ಚಪ್ಪರದ ನಡುವೆ ನಿಲ್ಲಿಸಿದರು. ಆಯ್ದುಕೊಂಡದ್ದು ‘ದಿ ಐರಿಷ್ ವಾಷರ್‌ವುಮನ್’ ಎಂಬ ಜಿಗ್, ಅಂದರೆ ಆವರ್ತಕ್ಕೆ ಆರು ಮಾತ್ರೆಗಳುಳ್ಳ ಕುಣಿತದ ಮಟ್ಟು. ‘ರೂಪಕವೇ ತಾನೆ, ಸ್ವಾಮಿ?’ ಎಂದು ಮೃದಂಗದವರು ಮೆಲ್ಲನೆ ಕೇಳಿದಾಗ ‘ಹೌದು’ ಎಂದು ತಲೆಯಾಡಿಸಿದವನು ಲೇಖಕನೇ. ಮೊದಲ ಸಾಲು ಮುಗಿಯುವಷ್ಟರಲ್ಲಿ ಮೃದಂಗವು ಆರನ್ನು ‘ತಕ ತಕ ತಕ’ ಎಂದು ಮೂರಾಗಿ ಒಡೆಯುತ್ತಿರಲು, ಮಟ್ಟು ‘ತಕಿಟ ತಕಿಟ’ ಎಂದು ಎರಡಾಗಿ ನೆಗೆಯತೊಡಗಿತು. ಎರಡನೆಯ ಸಾಲಿನಲ್ಲಿ ಶುದ್ಧ ಮಧ್ಯಮ ಬರಬೇಕಾದೆಡೆ, ಅಳುಕಿದ ಬೆರಳುಗಳು ಆರೂ ರಂಧ್ರಗಳನ್ನು ಬಿಟ್ಟುದರಿಂದ ಪ್ರತಿ ಮಧ್ಯಮ ಹೊಮ್ಮಿ, ಶಂಕರಾಭರಣದಂತಿದ್ದ ಮಟ್ಟು ಒಮ್ಮೆಲೇ ಕಲ್ಯಾಣಿಗೆ ಜಾರಿತು. ಸರಿಪಡಿಸುವ ಆತುರದಲ್ಲಿ ಉಸಿರು ಬಿರುಸಾಗಿ ಸ್ವರವು ಮೇಲಿನ ಸ್ಥಾಯಿಗೆ ಚೀರಿತು, ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಗುವೊಂದು ಎರಡೂ ಕಿವಿ ಮುಚ್ಚಿಕೊಂಡಿತು, ಮೃದಂಗದವರು ಕೈಯನ್ನು ಮುಚ್ಚಿಗೆಯ ಮೇಲೆ ಒತ್ತಿ ನಾದ ನಿಲ್ಲಿಸಿ ಕಾದರು. ಆ ಮೌನದಲ್ಲಿ ಅಡುಗೆಯವರು ಎಲೆ ಹಾಕುವ ಸದ್ದಷ್ಟೇ ಕೇಳುತ್ತಿತ್ತು.

ಬಹುಕಾಲ ಲೇಖಕನು ದೂರಿದ್ದು ಮೃದಂಗದವರನ್ನು, ಅವರಿಗಿಂತ ಹೆಚ್ಚಾಗಿ ಸೋದರಮಾವನನ್ನು. ಅವಸರಪಡಿಸಿದ ದೋಷ ಮಾವನದು ಎಂಬುದರಲ್ಲಿ ಇಂದಿಗೂ ಸಂದೇಹವಿಲ್ಲ. ಆದರೆ ತಾಳವನ್ನು ತಪ್ಪಾಗಿ ಹೇಳಿದ್ದು ಮಾವನಲ್ಲ. ತಡವಾಗಿ ಧ್ವನಿಮುದ್ರಣಗಳನ್ನು ಕೇಳಿದಾಗ, ವಿಸಲ್ ವಾದಕಿ ಮೇರಿ ಬರ್ಗಿನ್‌ರಂಥವರ ವಾದನದಲ್ಲಿ ಮೇಲಿನ ಬೆರಳನ್ನು ಕ್ಷಣಮಾತ್ರ ಎತ್ತುವ ‘ಕಟ್’ ಮತ್ತು ಕೆಳಗಿನ ರಂಧ್ರವನ್ನು ತಟ್ಟುವ, ನಮ್ಮ ಸ್ಫುರಿತಕ್ಕೆ ಹತ್ತಿರವಾದ ‘ಟ್ಯಾಪ್’ ಎಂಬ ಅಲಂಕಾರಗಳೇ ಮಟ್ಟಿಗೆ ಜೀವ ತುಂಬುತ್ತವೆ ಎಂಬುದೂ, ಬರಿಯ ಸ್ವರಲಿಪಿಯಿಂದ ಇದು ದಕ್ಕುವುದಿಲ್ಲವೆಂಬುದೂ ತಿಳಿಯಿತು.

ಕಲಿಯುವವರು ಮೊದಲು ಕೇಳಬೇಕು, ಮಟ್ಟು ಬಾಯಲ್ಲಿ ಕೂತ ಮೇಲೆ ಕೊಳಲು ಹಿಡಿಯಬೇಕು. ಡಿ ಶ್ರುತಿಯ ವಿಸಲ್ಲಿನಲ್ಲಿ ಮೇಲಿನ ಮೂರು ರಂಧ್ರ ಮುಚ್ಚಿದ ಸ್ವರವನ್ನು ಷಡ್ಜವಾಗಿಸಿಕೊಂಡಾಗ, ಶುದ್ಧ ಮಧ್ಯಮಕ್ಕೆ ಎರಡನೆಯ ಮತ್ತು ಮೂರನೆಯ ರಂಧ್ರಗಳನ್ನಷ್ಟೇ ಮುಚ್ಚಬೇಕು. ಗಾಳಿದಾರಿಯಲ್ಲಿ ಎಂಜಲು ಕಟ್ಟಿದರೆ ಊದುಬಾಯಿಯ ಕೆಳಗಿನ ಕಿಂಡಿಯನ್ನು ಬೆರಳಿನಿಂದ ಮುಚ್ಚಿ ಜೋರಾಗಿ ಊದಬೇಕು. ಜಿಗ್‌ಗೆ ಎರಡೇ ಪೆಟ್ಟು, ಪ್ರತಿ ಪೆಟ್ಟಿಗೆ ಮೂರು ಮಾತ್ರೆ. ಮುಂದೊಮ್ಮೆ ನರಸೀಪುರಕ್ಕೆ ಹೋಗಿ ಇಷ್ಟನ್ನೂ ಹೇಳಿ ಲೇಖಕನು ಕ್ಷಮೆ ಕೋರಿದಾಗ, ಮೃದಂಗದವರು ತೊಡೆಯ ಮೇಲೆ ‘ತಕಿಟ ತಕಿಟ’ ಎಂದು ತಟ್ಟಿ ನೋಡಿ, ‘ಇದನ್ನು ಅವತ್ತೇ ಹೇಳಬಾರದಿತ್ತೆ?’ ಎಂದರು.