ಅಂಗಡಿಯ ಹೆಸರಿನ ಕಾರ್ಡು, ಬ್ಯಾಂಕಿನ ಸಾಲ

ಪ್ರಶ್ನೆ: ನಮ್ಮೂರಿನ ದೊಡ್ಡ ಬಟ್ಟೆ ಮಳಿಗೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಒತ್ತಾಯ ಮಾಡಿ, ಮಳಿಗೆಯದೇ ಹೆಸರಿರುವ ಕ್ರೆಡಿಟ್ ಕಾರ್ಡ್ ಮಾಡಿಸಿಕೊಟ್ಟರು. ನವರಾತ್ರಿಗೆ ಇಪ್ಪತ್ತು ಸಾವಿರದ ಸೀರೆ, ಬಟ್ಟೆ ತೆಗೆದುಕೊಂಡೆ. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ 1,000’ ಎಂದಿತ್ತು. ಅಷ್ಟನ್ನು ತಪ್ಪದೆ ಕಟ್ಟಿದೆ. ಮುಂದಿನ ತಿಂಗಳು ನೋಡಿದರೆ ಬಾಕಿ ಇಪ್ಪತ್ತು ಸಾವಿರಕ್ಕಿಂತ ಹೆಚ್ಚಾಗಿದೆ! ಮಳಿಗೆಗೆ ಹೋಗಿ ಕೇಳಿದರೆ ‘ನಮಗೆ ಗೊತ್ತಾಗಲ್ಲ ಮೇಡಂ’ ಅಂದರು. ಅಮೆರಿಕದಲ್ಲಿ ನನ್ನ ಮಗಳು ಅಂಗಡಿಯ ಕೌಂಟರಿನಲ್ಲೇ ಕಾರ್ಡಿನ ಹಣ ಕಟ್ಟುವುದನ್ನು ನೋಡಿದ್ದೇನೆ. ಇಲ್ಲಿ ಯಾಕಾಗುವುದಿಲ್ಲ? ಎಲ್ಲಿ, ಹೇಗೆ ಕಟ್ಟಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮಗೆ ಬೇಸರವಾಗಬಹುದು, ಆದರೆ ಆ ಬಿಲ್ಲಿನಲ್ಲಿ ತಪ್ಪೇನೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಸಾವಿರ ಕಟ್ಟಿದ ಮೇಲೂ ಸಾಲ ಇಪ್ಪತ್ತು ಸಾವಿರ ದಾಟುವುದು ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲಿ ಮಾಮೂಲು.

ನೀವು ತಾರೀಖುಗಳನ್ನು ಬರೆದಿಲ್ಲ, ಹಾಗಾಗಿ ನಾನೇ ಹಾಕಿಕೊಳ್ಳುತ್ತೇನೆ. ಸೀರೆ ಕೊಂಡದ್ದು ಸೆಪ್ಟೆಂಬರ್ 25. ಪ್ರತಿ ತಿಂಗಳು 20ಕ್ಕೆ ಬಿಲ್ ತಯಾರಾಗುತ್ತದೆ ಎನ್ನೋಣ. ಅಂದರೆ ಇಪ್ಪತ್ತು ಸಾವಿರದ ಬಿಲ್ ಬಂದದ್ದು ಅಕ್ಟೋಬರ್ 20ಕ್ಕೆ, ಕಟ್ಟಲು ಕೊನೆಯ ದಿನ ನವೆಂಬರ್ 9. ಅಂದು ನೀವು ಪೂರ್ತಿ ಇಪ್ಪತ್ತು ಸಾವಿರ ಕಟ್ಟಿದ್ದರೆ ಒಂದು ಪೈಸೆ ಬಡ್ಡಿಯೂ ಇರುತ್ತಿರಲಿಲ್ಲ. ನಲವತ್ತೈದು ದಿನ ಬ್ಯಾಂಕಿನ ದುಡ್ಡನ್ನು ಬಿಟ್ಟಿಯಾಗಿ ಬಳಸಿಕೊಂಡ ಹಾಗಾಗುತ್ತಿತ್ತು. ಕಟ್ಟಿದ್ದು ಸಾವಿರ ಮಾತ್ರ. ಆ ಕ್ಷಣಕ್ಕೆ ಬಡ್ಡಿ ಇಲ್ಲದ ಅವಧಿ ಎಂಬ ಸೌಲಭ್ಯವೇ ರದ್ದಾಯಿತು. ಉಳಿದ 19,000ಕ್ಕೆ ಬಡ್ಡಿ ಶುರುವಾಗುವುದು ನವೆಂಬರ್ 9ರಿಂದ ಅಲ್ಲ, ನೀವು ಸೀರೆ ಕೊಂಡ ಸೆಪ್ಟೆಂಬರ್ 25ರಿಂದ. ಎಷ್ಟೋ ಜನಕ್ಕೆ ಗೊತ್ತಿಲ್ಲದ ಸಂಗತಿ ಇದೇ.

ಈಗ ಲೆಕ್ಕ. ನಮ್ಮಲ್ಲಿ ಹೆಚ್ಚಿನ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ 3.5 ಇಲ್ಲವೇ 3.75. ಕೇಳಲು ಹಗುರ. ವರ್ಷಕ್ಕೆ ಹಾಕಿದರೆ ಶೇ 42ರಿಂದ 45. ಕಡಿಮೆ ದರವನ್ನೇ ಹಿಡಿಯೋಣ: 19,000ಕ್ಕೆ ಶೇ 42ರಂತೆ ಸೆಪ್ಟೆಂಬರ್ 25ರಿಂದ ನವೆಂಬರ್ 20ರವರೆಗೆ 56 ದಿನಕ್ಕೆ ಸುಮಾರು 1,224 ರೂಪಾಯಿ. ಮನೆ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇ 18 ಉಂಟು, ಅದು 220. ಒಟ್ಟು 1,444. ನೀವು ಕಟ್ಟಿದ ಸಾವಿರ ಕಳೆದು ಇದನ್ನು ಕೂಡಿಸಿದರೆ ನವೆಂಬರ್ 20ರ ಬಾಕಿ 20,444 ರೂಪಾಯಿ.

ಇದರ ಜೊತೆಗೆ ಆ ಅವಧಿಯಲ್ಲಿ ಅದೇ ಕಾರ್ಡಿನಲ್ಲಿ ಆರುನೂರು ರೂಪಾಯಿಯ ದಿನಸಿ ತಂದಿದ್ದರೂ ಅದಕ್ಕೆ ಅದೇ ದಿನದಿಂದ ಬಡ್ಡಿ. ಹಳೆ ಬಾಕಿ ಇರುವ ತನಕ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಹಾಗಾಗಿ ಮೊದಲ ಕೆಲಸ, ಬಾಕಿ ಚುಕ್ತಾ ಆಗುವವರೆಗೆ ಆ ಕಾರ್ಡನ್ನು ಬೀರುವಿನೊಳಗೆ ಇಟ್ಟುಬಿಡಿ.

‘ಮಿನಿಮಮ್ ಡ್ಯೂ’ ಕಟ್ಟಿದರೆ ಸಿಗುವ ಲಾಭ ಇಷ್ಟೇ: ಲೇಟ್ ಫೀ ಬೀಳುವುದಿಲ್ಲ, ಸಿಬಿಲ್‌ನಂಥ ಸಂಸ್ಥೆಗಳಲ್ಲಿ ನಿಮ್ಮ ಹೆಸರಿನ ಮುಂದೆ ‘ಬಾಕಿದಾರ’ ಎಂದು ದಾಖಲಾಗುವುದಿಲ್ಲ. ಬಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲೇ ಮುದ್ರಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮುದ್ರಿಸಿಯೂ ಇರುತ್ತಾರೆ. ಆದರೆ ಕಣ್ಣು ಹೋಗುವುದು ಸಣ್ಣ ಮೊತ್ತದ ಕಡೆಗೆ, ಅದು ಬ್ಯಾಂಕಿನವರಿಗೂ ಗೊತ್ತು. ಪೂರ್ತಿ ಬಾಕಿ, ಮಿನಿಮಮ್ ಡ್ಯೂ ಎರಡನ್ನೂ ಪಕ್ಕಪಕ್ಕ ಅಚ್ಚು ಹಾಕುವ ಪದ್ಧತಿಯೇ ಗ್ರಾಹಕರ ಹಿತಕ್ಕೆ ವಿರುದ್ಧವಾದದ್ದು ಎಂಬುದು ನನ್ನ ಅಭಿಪ್ರಾಯ.

ಇಷ್ಟು ಬಡ್ಡಿ ಕಾನೂನಿಗೆ ಒಪ್ಪಿತವೇ ಎಂದು ನೀವು ಕೇಳಬಹುದು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಕ್ರೆಡಿಟ್ ಕಾರ್ಡಿಗೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪು ಕೊಟ್ಟಿತ್ತು. ಬ್ಯಾಂಕುಗಳು ಮೇಲ್ಮನವಿ ಹಾಕಿದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಹಾಗಾಗಿ ಆ ಮೂವತ್ತರ ಮಿತಿ ಈಗಿಲ್ಲ.

ಇನ್ನು ಮಳಿಗೆಯವರ ವಿಷಯ. ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಸಾಲ ಕೊಟ್ಟವರೂ ವಸೂಲಿ ಮಾಡುವವರೂ ಶೆಟ್ಟರೇ. ಇಲ್ಲಿ ಹಾಗಲ್ಲ. ಕಾರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಮಳಿಗೆಯ ಹೆಸರಿದ್ದರೂ ಸಾಲ ಕೊಟ್ಟಿರುವುದು ಬ್ಯಾಂಕು. ನಿಮ್ಮ ಸೀರೆಯ ದುಡ್ಡು ಮಳಿಗೆಗೆ ಆಗಲೇ ಸಂದಾಯವಾಗಿದೆ. ಅಮೆಜಾನ್ ಪೇ ಹೆಸರಿನ ಕಾರ್ಡು ಐಸಿಐಸಿಐ ಬ್ಯಾಂಕಿನದು. ರಿಲಯನ್ಸ್ ಹೆಸರಿನದು ಎಸ್‌ಬಿಐ ಕಾರ್ಡ್ ಕಂಪನಿಯದು. ಇವುಗಳಿಗೆ ಕೋ-ಬ್ರ್ಯಾಂಡ್ ಕಾರ್ಡು ಅನ್ನುತ್ತಾರೆ. ಇಲ್ಲಿ ಮಳಿಗೆಯ ಪಾತ್ರ ಕಾರ್ಡನ್ನು ಪ್ರಚಾರ ಮಾಡಿ ಹಂಚುವುದು, ತನ್ನಲ್ಲಿ ಕೊಳ್ಳುವವರಿಗೆ ರಿಯಾಯಿತಿ ಕೊಡುವುದು, ಅಷ್ಟಕ್ಕೇ ಸೀಮಿತ ಎಂದು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನ ನಿರ್ದೇಶನದಲ್ಲೇ ಹೇಳಿದೆ. ಕಾರ್ಡುದಾರರ ವಹಿವಾಟಿನ ವಿವರ ಮಳಿಗೆಯವರ ಕೈಗೆ ಸಿಗಕೂಡದು ಎಂದೂ ಇದೆ. ಆದ್ದರಿಂದ ಕೌಂಟರಿನ ಹುಡುಗ ‘ಗೊತ್ತಾಗಲ್ಲ’ ಅಂದದ್ದು ಉಡಾಫೆಯಲ್ಲ, ನಿಜವಾಗಿಯೂ ಅವನಿಗೆ ಗೊತ್ತಾಗುವುದಿಲ್ಲ. (ಕಾರ್ಡು ಮಾಡಿಸುವಾಗ ಇದನ್ನು ಹೇಳಲಿಲ್ಲವಲ್ಲ ಅಂತ ನೀವು ಸಿಟ್ಟಾದರೆ ಅದು ನ್ಯಾಯ.)

ಎಸ್‌ಬಿಐ ಕಾರ್ಡ್ ಇರುವವರಿಗೆ ಇನ್ನೊಂದು ಗೊಂದಲವಿದೆ. ಅದು ಸ್ಟೇಟ್ ಬ್ಯಾಂಕ್ ಸಮೂಹಕ್ಕೆ ಸೇರಿದ್ದರೂ ಪ್ರತ್ಯೇಕ ಕಂಪನಿ. ಪಾಸ್‌ಬುಕ್ ಹಿಡಿದು ನಿಮ್ಮ ಬಡಾವಣೆಯ ಶಾಖೆಗೆ ಹೋಗಿ ಕಾರ್ಡಿನ ಬಡ್ಡಿಯ ಬಗ್ಗೆ ಜಗಳ ಮಾಡಿದರೆ ಪ್ರಯೋಜನವಿಲ್ಲ, ಕಾರ್ಡ್ ಕಂಪನಿಯ ಸಹಾಯವಾಣಿಯನ್ನೇ ಹಿಡಿಯಬೇಕು.

ಅಮೆರಿಕದಲ್ಲೂ ಕಾರ್ಡಿನ ಹಿಂದೆ ಇರುವುದು ಬ್ಯಾಂಕೇ. ಕೋಲ್ಸ್ ಮಳಿಗೆಯ ಕಾರ್ಡು ಕೊಡುವುದು ಕ್ಯಾಪಿಟಲ್ ಒನ್, ಟಾರ್ಗೆಟ್‌ನದು ಟಿಡಿ ಬ್ಯಾಂಕ್. ಆದರೆ ಕೋಲ್ಸ್‌ನಂಥ ಕೆಲವು ಮಳಿಗೆಗಳು ಕಾರ್ಡಿನ ಹಣವನ್ನು ಕೌಂಟರಿನಲ್ಲೇ ಪಡೆಯುತ್ತವೆ, ನೀವು ನೋಡಿದ್ದು ಅದನ್ನೇ. ಅಲ್ಲಿಯ ಎಷ್ಟೋ ಸ್ಟೋರ್ ಕಾರ್ಡುಗಳು ಆ ಮಳಿಗೆ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ, ಬಡ್ಡಿ ಸಾಮಾನ್ಯ ಕಾರ್ಡಿಗಿಂತ ಹೆಚ್ಚು. ಮಗಳಿಗೆ ಒಂದು ಮಾತು ಹೇಳಿ: ‘ಹನ್ನೆರಡು ತಿಂಗಳಲ್ಲಿ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ’ ಎಂಬ ಬಗೆಯ ಕೊಡುಗೆಯಲ್ಲಿ ಸೋಫಾನೋ ಫ್ರಿಜ್ಜೋ ಕೊಂಡಿದ್ದರೆ, ಗಡುವಿನ ದಿನ ಐವತ್ತು ಡಾಲರ್ ಉಳಿದಿದ್ದರೂ ಕೊಂಡ ದಿನದಿಂದ ಲೆಕ್ಕ ಹಾಕಿ ಬಡ್ಡಿ ಹೇರುವ ಷರತ್ತು ಅಂಥ ಕೊಡುಗೆಗಳಲ್ಲಿ ಸಾಮಾನ್ಯ.

ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ, ಹಣ ಎಲ್ಲಿ ಕಟ್ಟಬೇಕು? ಮೊದಲು ಕಾರ್ಡನ್ನು ತಿರುಗಿಸಿ ಯಾವ ಬ್ಯಾಂಕಿನದು ಅಂತ ನೋಡಿಕೊಳ್ಳಿ. ಆ ಬ್ಯಾಂಕಿನ ಆ್ಯಪ್ ಇದ್ದರೆ ಅದರಲ್ಲೇ ಕಟ್ಟುವುದು ಎಲ್ಲಕ್ಕಿಂತ ಸಲೀಸು. ಫೋನ್‌ಪೇ, ಗೂಗಲ್ ಪೇಯಂಥ ಆ್ಯಪಿನಲ್ಲಾದರೆ ‘ಕ್ರೆಡಿಟ್ ಕಾರ್ಡ್ ಬಿಲ್’ ಎಂಬಲ್ಲಿ ಬ್ಯಾಂಕಿನ ಹೆಸರು ಹುಡುಕಿ, ಮಳಿಗೆಯ ಹೆಸರು ಹುಡುಕಿದರೆ ಸಿಗದೇ ಹೋಗಬಹುದು. 2024ರ ಜುಲೈನಿಂದ ಇಂಥ ಆ್ಯಪ್‌ಗಳ ಮೂಲಕ ಕಟ್ಟುವ ಕಾರ್ಡ್ ಬಿಲ್ಲುಗಳೆಲ್ಲ ಭಾರತ್ ಬಿಲ್ ಪೇಮೆಂಟ್ ವ್ಯವಸ್ಥೆಯ ಮೂಲಕವೇ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಈಗ ಅದಕ್ಕೆ ಭಾರತ್ ಕನೆಕ್ಟ್ ಎಂಬ ಹೆಸರು. ಕಟ್ಟಿದ ಮೇಲೆ ಬರುವ ರಸೀದಿಯಲ್ಲಿ ವಹಿವಾಟಿನ ಸಂಖ್ಯೆ ಇರುತ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಚೆಕ್ ಹಾಕುವವರು ಇನ್ನೂ ಇದ್ದಾರೆ. ಹಾಗಾದರೆ ಅದು ಪಾಸಾಗುವ ದಿನಗಳನ್ನೂ ಲೆಕ್ಕಕ್ಕೆ ಹಿಡಿದು ಬೇಗ ಹಾಕಬೇಕು. ಮಳಿಗೆಯ ಸಿಬ್ಬಂದಿಯ ಕೈಗೆ ‘ನೀವೇ ಕಟ್ಟಿಬಿಡಿ’ ಎಂದು ನಗದು ಕೊಡುವುದಂತೂ ಬೇಡವೇ ಬೇಡ.

ಆಟೊ ಡೆಬಿಟ್ ಹಾಕಿಸಿದರೆ ಮರೆವಿನ ಕಾಟ ತಪ್ಪುತ್ತದೆ. ಆದರೆ ಅರ್ಜಿಯಲ್ಲಿ ‘ಟೋಟಲ್ ಡ್ಯೂ’, ‘ಮಿನಿಮಮ್ ಡ್ಯೂ’ ಎಂದು ಎರಡು ಆಯ್ಕೆ ಇರುತ್ತವೆ. ಗಮನಿಸದೆ ಎರಡನೆಯದಕ್ಕೆ ಗುರುತು ಹಾಕಿದವರು, ತಿಂಗಳು ತಿಂಗಳು ಖಾತೆಯಿಂದ ಹಣ ಹೋಗುತ್ತಿದೆ, ಎಲ್ಲ ಸರಿಯಾಗಿದೆ ಅಂದುಕೊಂಡು ಬಡ್ಡಿ ಕಟ್ಟುತ್ತಲೇ ಇರುತ್ತಾರೆ.

ಕೊನೆಯ ದಿನ ಮರೆತುಹೋದರೆ ಗಾಬರಿ ಬೇಡ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ಲೇಟ್ ಫೀ ಹಾಕಬೇಕು, ಕ್ರೆಡಿಟ್ ಸಂಸ್ಥೆಗೆ ಬಾಕಿದಾರರೆಂದು ವರದಿ ಮಾಡಬೇಕು ಎಂದು ನಿಯಮವಿದೆ. ನವೆಂಬರ್ 9ರ ಗಡುವಿನ ಬಿಲ್ಲನ್ನು 10ರಂದು ಕಟ್ಟಿಯೂ ಲೇಟ್ ಫೀ ಬಿದ್ದಿದ್ದರೆ ಕೇಳಿ ವಾಪಸ್ ಪಡೆಯಿರಿ. ಹಾಗೆಂದು ಈ ಮೂರು ದಿನವನ್ನು ಹೊಸ ಗಡುವು ಅಂದುಕೊಳ್ಳಬೇಡಿ. ಈ ವಿನಾಯಿತಿ ದಂಡಕ್ಕೆ, ಬಡ್ಡಿಗಲ್ಲ. ನಾಲ್ಕನೇ ದಿನವಾದರೆ ತಡವಾದ ದಿನಗಳನ್ನು ಎಣಿಸುವುದೂ ಮೂಲ ಗಡುವಿನಿಂದಲೇ.

ಬಟ್ಟೆ ಮಳಿಗೆಯ ಕಾರ್ಡಿನಲ್ಲಿ ಪದೇ ಪದೇ ಎದುರಾಗುವ ಇನ್ನೊಂದು ಸಂಗತಿ, ವಾಪಸ್ ಮಾಡಿದ ಮಾಲು. ಮೂರು ಸಾವಿರದ ಸೀರೆ ಹಿಂದಿರುಗಿಸಿದಿರಿ, ಕೌಂಟರಿನಲ್ಲಿ ‘ಕಾರ್ಡಿಗೆ ಜಮಾ ಆಗುತ್ತೆ’ ಅಂದರು. ಅದನ್ನು ನಂಬಿ ಬಿಲ್ಲಿನಲ್ಲಿ ಮೂರು ಸಾವಿರ ಕಡಿಮೆ ಕಟ್ಟಿದಿರಿ. ರಿಫಂಡ್ ಬ್ಯಾಂಕಿಗೆ ತಲುಪಲು ದಿನಗಳು ಹಿಡಿಯುತ್ತವೆ, ಅಷ್ಟರಲ್ಲಿ ಗಡುವು ಮುಗಿದರೆ ನೀವು ಬಾಕಿ ಉಳಿಸಿಕೊಂಡವರ ಲೆಕ್ಕಕ್ಕೆ ಸೇರುತ್ತೀರಿ. ಗಡುವಿನೊಳಗೆ ಬಂದ ರಿಫಂಡನ್ನು ಬ್ಯಾಂಕು ಕೂಡಲೇ ಕಟ್ಟಬೇಕಾದ ಮೊತ್ತಕ್ಕೆ ಹೊಂದಿಸಿ ನಿಮಗೆ ತಿಳಿಸಬೇಕೆಂಬುದು ನಿಯಮ. ಬಂದದ್ದು ಖಾತ್ರಿಯಾಗುವ ತನಕ ಪೂರ್ತಿ ಬಿಲ್ ಕಟ್ಟುವುದೇ ಸರಿ. ಹೆಚ್ಚು ಕಟ್ಟಿದ್ದು ಮುಂದಿನ ಬಿಲ್ಲಿಗೆ ವಜಾ ಆಗುತ್ತದೆ.

ಈಗ ನಿಮ್ಮ ಇಪ್ಪತ್ತು ಚಿಲ್ಲರೆ ಸಾವಿರ. ಉಳಿತಾಯ ಖಾತೆಯಲ್ಲೋ ಸಣ್ಣ ಎಫ್‌ಡಿಯಲ್ಲೋ ಇದ್ದರೆ ತೆಗೆದು ಕಟ್ಟಿಬಿಡಿ, ಶೇ 42ರ ಸಾಲದ ಎದುರು ಯಾವ ಠೇವಣಿಯ ಬಡ್ಡಿಯೂ ನಿಲ್ಲುವುದಿಲ್ಲ. ಕೈಯಲ್ಲಿ ಇಲ್ಲದಿದ್ದರೆ ಬಾಕಿಯನ್ನು ಇಎಂಐಗೆ ಬದಲಾಯಿಸಿಕೊಡಲು ಬ್ಯಾಂಕನ್ನು ಕೇಳಿ. ದರ ಸಾಮಾನ್ಯವಾಗಿ ಅರ್ಧಕ್ಕೂ ಕಡಿಮೆಯಾಗುತ್ತದೆ, ಪ್ರೊಸೆಸಿಂಗ್ ಫೀ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಬ್ಯಾಂಕಿನಲ್ಲಿ ಒಡವೆ ಇಟ್ಟು ಪಡೆಯುವ ಚಿನ್ನದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಯ ಕಾಲುಭಾಗದ ಆಸುಪಾಸಿನಲ್ಲಿರುತ್ತದೆ. ಇಪ್ಪತ್ತು ಸಾವಿರಕ್ಕೆ ಒಡವೆ ಇಡುವುದೇ ಎಂದು ಮನೆಯವರು ಮುಖ ಸಿಂಡರಿಸಬಹುದು, ಲೆಕ್ಕ ತೋರಿಸಿ. ಇನ್ನೊಂದು ಸೂಕ್ಷ್ಮ: ನೀವು ಪೂರ್ತಿ ಕಟ್ಟಿದ ಮೇಲೂ ಮರುತಿಂಗಳ ಬಿಲ್ಲಿನಲ್ಲಿ ಇನ್ನೂರೋ ಮುನ್ನೂರೋ ಬಡ್ಡಿ ಬಂದಿರಬಹುದು. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ‘ಎಲ್ಲ ಕಟ್ಟಿದ್ದೇನಲ್ಲ’ ಅಂತ ಅದನ್ನು ಬಿಟ್ಟರೆ ಲೇಟ್ ಫೀ ಸೇರಿಕೊಂಡು ಬೆಳೆಯುತ್ತದೆ.

ಲೆಕ್ಕದಲ್ಲಿ ತಪ್ಪಿದೆ ಎನಿಸಿದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ಶುಲ್ಕವಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಕೊಡುತ್ತಾರೆ. ‘ಲೇಟ್ ಫೀ ಮನ್ನಾ ಮಾಡುತ್ತೇವೆ’, ‘ಪಾಯಿಂಟ್ಸ್ ಇಂದೇ ಮುಗಿಯುತ್ತವೆ’ ಎಂದು ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಅವರು ಬ್ಯಾಂಕಿನವರಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಕೇಳಿ ಈ ಕಾರ್ಡೇ ಬೇಡ ಅನಿಸಿದರೆ, ಬಾಕಿ ಪೂರ್ತಿ ತೀರಿಸಿ ಮುಚ್ಚಲು ಅರ್ಜಿ ಕೊಡಿ. ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಅದನ್ನು ಮುಚ್ಚಲೇಬೇಕು. ತಡವಾದರೆ, ಮುಚ್ಚುವ ತನಕ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕೇ ನಿಮಗೆ ಕೊಡಬೇಕು.