ಉಪ್ಪು, ತಂಪು, ಮೀನು: ಪಾಕಶಾಲೆಯ ಒಂದು ಪಾಠ

ಅಡಿಗೆಯನ್ನು ಕೈಯಿಂದಲೇ ಕಲಿಯತಕ್ಕದ್ದು. ಆದರೆ ಕೈ ಮಾಡಿದ್ದರ ಕಾರಣವನ್ನು ಬುದ್ಧಿ ಅರಿಯದಿದ್ದರೆ ಆ ವಿದ್ಯೆ ಅರ್ಧವೇ ಸರಿ. ಇದಕ್ಕೆ ನಿದರ್ಶನವಾಗಿ ನಾವು ಜಪಾನೀಯರ ಕಾಮಾಬೊಕೊ ಎಂಬ ಮೀನಿನ ಕಡುಬನ್ನು ಆರಿಸಿಕೊಂಡಿದ್ದೇವೆ. ಇದರ ಹೆಸರು 1115ನೆಯ ಇಸವಿಯ ಔತಣವೊಂದರ ದಾಖಲೆಯಲ್ಲಿಯೇ ಬರುತ್ತದೆ. ಹಿಟ್ಟಿನ ನೆರವಿಲ್ಲದೆ ಮೀನಿನ ಮಾಂಸವು ಒಂದಾಗಿ ಗಟ್ಟಿಗೊಳ್ಳುವುದು ಹೇಗೆಂಬುದೇ ಪಾಠದ ಪ್ರಶ್ನೆ.

ಜಪಾನಿನಲ್ಲಿ ಇದಕ್ಕೆ ಕಡಲ ಮೀನು ವಾಡಿಕೆ. ಶಿವಮೊಗ್ಗ, ಭದ್ರಾವತಿಗಳ ನಮ್ಮ ಮನೆಗಳಿಗೆ ಭದ್ರೆಯ ಕಾಟ್ಲಾ, ರೋಹು ಮೀನುಗಳೇ ಹತ್ತಿರ. ಇವುಗಳ ಮಾಂಸದೊಳಗೆ ಸಣ್ಣ ಕವಲುಮುಳ್ಳುಗಳಿರುವ ಕಾರಣ ತಾಯಂದಿರು ಎಳೆಯ ಮಕ್ಕಳಿಗೆ ಕೊಡಲು ಅಂಜುತ್ತಾರೆ. ಹೀಗೆ ಒಳ್ಳೆಯ ಪುಷ್ಟಿಯ ಆಹಾರವು ಮಗುವಿನ ತಟ್ಟೆಗೆ ಬಾರದೆ ಹೋಗುತ್ತದೆ.

ಮೀನು ಹೊಸದಾಗಿರಬೇಕು. ಅದನ್ನು ಸೀಳಿ, ಚರ್ಮ ಕೆಳಗಾಗಿಟ್ಟು, ಮಾಂಸವನ್ನು ಚಮಚದಿಂದ ಮೆಲ್ಲಗೆ ಹೆರೆಯಬೇಕು. ಮುಳ್ಳುಗಳು ಬಹುಮಟ್ಟಿಗೆ ಹಿಂದುಳಿಯುತ್ತವೆ. ಮಿಕ್ಕವನ್ನು ಬೆರಳಿನಿಂದ ತಡವಿ ತೆಗೆಯಬೇಕು. ಬಳಿಕ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಎರಡು ಮೂರು ಸಲ ತೊಳೆದು ತೆಳುಬಟ್ಟೆಯಲ್ಲಿ ಹಿಂಡಬೇಕು.

ಈಗ ಮಾಂಸವನ್ನು 200 ಗ್ರಾಮಿನ ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ 5 ಗ್ರಾಂ ಉಪ್ಪು ಹಾಕಿ, ತಣ್ಣಗಿನ ಒರಳಿನಲ್ಲಿ ಬೇರೆಬೇರೆಯಾಗಿ ಅರೆಯತಕ್ಕದ್ದು. ಉಪ್ಪಿನ ಪಾಲು ಅಂಟಾಗಿ ಹೊಳೆಯುತ್ತದೆ. ಹಸಿಯದನ್ನು ರುಚಿ ನೋಡಬಾರದು. ನೀರು ಚೆನ್ನಾಗಿ ಕುದಿದ ಮೇಲೆ ಎರಡನ್ನೂ ಇಡ್ಲಿ ಪಾತ್ರೆಯಲ್ಲಿಟ್ಟು 20 ನಿಮಿಷ ಬೇಯಿಸಿ, ಆರಿದ ಮೇಲೆ ತೆಳುವಾಗಿ ಕೊಯ್ದು ಮಡಿಚಿ ನೋಡಬೇಕು. ಉಪ್ಪಿಲ್ಲದ್ದು ಪುಡಿಯಾಗುತ್ತದೆ, ಉಪ್ಪಿನದು ಬಾಗುತ್ತದೆ.

ಕಾರಣವೇನು? ಮಾಂಸದ ಸಸಾರಜನಕವನ್ನು ಉಪ್ಪು ಕರಗಿಸುತ್ತದೆ. ಆ ಎಳೆಗಳು ಶಾಖದಲ್ಲಿ ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತವೆ. ಅರೆಯುವಾಗ ಬಿಸಿಯೇರಿದರೆ ಆ ಶಕ್ತಿ ಕುಂದುತ್ತದೆ, ಆದುದರಿಂದಲೇ ಮಂಜುಗಡ್ಡೆ. ಬೇಯುವಾಗ 60 ಡಿಗ್ರಿ ಶಾಖದ ಆಸುಪಾಸಿನಲ್ಲಿ ತಡವಾದರೂ ಬಲೆ ಸಡಿಲುತ್ತದೆ. ಆದುದರಿಂದಲೇ ಕುದಿವ ನೀರು.

ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಮನೆಯಲ್ಲಿ ಈ ಪಾಠ ನಡೆಸುವಾಗ ಉಪ್ಪಿಲ್ಲದ ಪಾಲನ್ನು ಕೈಬಿಡಬೇಡಿರಿ. ಪುಡಿಯಾದದ್ದು ಸಾರಿಗೆ ಆಗುತ್ತದೆ, ವ್ಯರ್ಥವಲ್ಲ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ ಬಾಲಿಕೆಯು ಏಕೆಂದು ಕೇಳುವುದನ್ನು ಕಲಿಯುತ್ತಾಳೆ. ಆ ಪ್ರಶ್ನೆಯನ್ನು ಅಡಿಗೆಮನೆಯಲ್ಲಿ ಕಲಿತವಳು ಬೇರೆಡೆಯಲ್ಲಿಯೂ ಕೇಳದೆ ಇರಲಾರಳು.